ಹನ್ನೊಂದು ಬೆಳ್ಳಿ ಚಮಚ

ನನ್ನ ದಿನಚರಿಯ ಪ್ರತಿ ಪುಟದ ಬಲಗಡೆ ಒಂದು ಗೆರೆ ಎಳೆದು, ಅದರಾಚೆ ಮೂರು ಲೆಕ್ಕ ಬರೆಯುತ್ತಿದ್ದೆ: ಎದ್ದ ಹೊತ್ತು, ಮಲಗಿದ ಹೊತ್ತು, ಮಾತು. ಮಾತು ಎಂದರೆ, ಆಫೀಸಿನ ಕೆಲಸ ಬಿಟ್ಟು ಬೇರೆ ವಿಷಯಕ್ಕೆ ಆ ದಿನ ನನ್ನ ಜೊತೆ ಎದುರಾಎದುರು ಮಾತಾಡಿದವರ ಸಂಖ್ಯೆ. ಊರಿಗೆ ಮಾಡಿದ ಫೋನು ಅದರಲ್ಲಿ ಸೇರುವುದಿಲ್ಲ. ಕೆಳಗಿನ ಕಾಫಿ ಅಂಗಡಿಯ ಹೆಂಗಸು ದಿನಾ ಬೆಳಿಗ್ಗೆ ಹಾಲಿನ ಕಾಫಿ ಬೇಕೇ ಎಂಬರ್ಥದಲ್ಲಿ "ಕೋಪಿ-ಸಿ?" ಎಂದು ಕೇಳುವುದನ್ನು ಸೇರಿಸಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿ, ಬೇಡ ಎಂದು ತೀರ್ಮಾನಿಸಿದ್ದೆ. ಹಾಗಾಗಿ ಸಿಂಗಪುರಕ್ಕೆ ಬಂದ ಮೊದಲ ಮೂರು ತಿಂಗಳ ಪುಟಗಳಲ್ಲಿ ಆ ಜಾಗದಲ್ಲಿ ಸೊನ್ನೆಗಳೇ ಹೆಚ್ಚು.

ಆಗ ನನಗೆ ಇಪ್ಪತ್ತನಾಲ್ಕು. ಪಾಯಾ ಲೆಬಾರ್‌ನಲ್ಲಿ ಕಟ್ಟಡಗಳ ವಿನ್ಯಾಸ ಮಾಡುವ ಒಂದು ಕಚೇರಿಯಲ್ಲಿ ನಕ್ಷೆಗಳ ದಾಖಲೆ ಇಡುವ ಕೆಲಸ. ಎಲ್ಲಿ ನೋಡಿದರೂ ಕ್ರೇನು ನಿಂತಿದ್ದ ಕಾಲ ಅದು. ದಿನಕ್ಕೆ ನಲವತ್ತು ಐವತ್ತು ನಕ್ಷೆ ಬರುತ್ತಿದ್ದವು. ಯಾವುದು ಯಾವಾಗ ಬಂತು, ಎಷ್ಟನೆಯ ತಿದ್ದುಪಡಿ, ಯಾರ ಕೈಗೆ ಹೋಯಿತು ಎಂದು ಬರೆದಿಡಬೇಕು. ಅದಕ್ಕೆ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಆಫೀಸಿನಲ್ಲಿ ಬೆಂಗಳೂರಿನವರು ಇಬ್ಬರಿದ್ದರು. ನಾನು ಬಾಯಿ ತೆರೆದರೆ ಸಾಕು, "ಏನ್ರೀ, ಗದಗ ಕಡೆಯೋರಾ? ಇನ್ನೊಂದ್ಸಲ ಹೇಳಿ, ಕೇಳಕ್ಕೆ ಚೆನ್ನಾಗಿದೆ" ಎಂದು ನಗುತ್ತಿದ್ದರು. ಕೆಟ್ಟ ನಗೆಯಲ್ಲ. ಆದರೂ ಎರಡನೆಯ ವಾರದಿಂದ ನಾನು ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದೆ.

2006ರ ಅಕ್ಟೋಬರ್ 8, ಭಾನುವಾರ, ಜುರಾಂಗ್ ಈಸ್ಟ್‌ನ ಒಂದು ಫ್ಲ್ಯಾಟಿನ ಹಿಂದಿನ ಕೋಣೆಗೆ ಬಾಡಿಗೆಗೆ ಬಂದೆ. ಆಫೀಸಿಗೆ ಹದಿನಾರು ನಿಲ್ದಾಣ, ದೂರವೇ. ಆದರೆ ಮನೆಯವರು ನಮ್ಮ ಕಡೆಯವರು ಎಂದು ಒಬ್ಬರು ಹೇಳಿದ್ದರು. ಮನೆಯ ಯಜಮಾನರಾದ ಅಂಕಲ್‌ಗೆ ಎಪ್ಪತ್ತೊಂದು. ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿನ ಒಂದು ಹಡಗುಕಟ್ಟೆಗೆ ಸ್ಟೋರ್‌ಕೀಪರ್ ಆಗಿ ಬಂದವರು; ನಟ್ಟು ಬೋಲ್ಟಿನಿಂದ ಹಿಡಿದು ಲಂಗರಿನ ಸರಪಳಿಯವರೆಗೆ ಎಲ್ಲದರ ಲೆಕ್ಕ ಇಟ್ಟು ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಅವರ ಹೆಂಡತಿ, ಆಂಟಿ, ತೀರಿಕೊಂಡು ಎರಡು ವರ್ಷವಾಗಿತ್ತು. ಇಲ್ಲೇ ಹುಟ್ಟಿ ಬೆಳೆದ ಒಬ್ಬಳೇ ಮಗಳು ಪುಂಗೋಲ್‌ನಲ್ಲಿ. ಕೋಣೆ ಬಾಡಿಗೆಗೆ ಕೊಡುವ ಯೋಚನೆ ಆ ಅಕ್ಕನದೇ. ಹಿಂದಿನ ದಿನ ಚಾವಿ ಕೊಡುವಾಗ ಅವರು ನನ್ನನ್ನು ಲಿಫ್ಟಿನವರೆಗೂ ಕರೆದುಕೊಂಡು ಹೋಗಿ, "ನೋಡಿ, ಅಪ್ಪ ಒಬ್ರೇ ಇರೋದು ನಂಗೆ ವರಿ ಆಗುತ್ತೆ. ಏನಾದ್ರೂ ಚೇಂಜ್ ಕಂಡ್ರೆ ನಂಗೆ ಮೆಸೇಜ್ ಮಾಡಿ, ಕ್ಯಾನ್?" ಎಂದು ಇಲ್ಲಿಯವರ ಇಂಗ್ಲಿಷಿನ ಧಾಟಿಯಲ್ಲಿ ಕೇಳಿದ್ದರು. ಆಗಲಿ ಅಕ್ಕಾ ಎಂದಿದ್ದೆ.

ನಾನು ಬಂದ ದಿನವೇ ಸಂಜೆ ನಾಲ್ಕಕ್ಕೆ ಅಂಕಲ್ ನನ್ನ ಕೋಣೆಯ ಬಾಗಿಲು ಬಡಿದರು.

"ಯವ್ವಾ, ಚಾ ಆಗೈತಿ. ಬಾ."

ಅಷ್ಟೇ. ಫೋನಿನಲ್ಲಲ್ಲದೆ ಎದುರಿಗೆ ಆ 'ಐತಿ' ಕೇಳಿ ಎಷ್ಟು ದಿನವಾಗಿತ್ತೆಂದು ನಾನು ಆಮೇಲೆ ಲೆಕ್ಕ ಹಾಕಿದೆ. ತೊಂಬತ್ತೊಂದು ದಿನ.

ಹೊರಗೆ ಬಂದು ನೋಡಿದರೆ ಊಟದ ಮೇಜಿನ ಮೇಲೆ ಬೆಳ್ಳಿಯ ದೊಡ್ಡ ತಟ್ಟೆ. ಅದರ ಮೇಲೆ ಟೀಪಾಟ್, ಕಾಫಿಪಾಟ್, ಹಾಲಿನ ಜಗ್, ಸಕ್ಕರೆ ಬಟ್ಟಲು, ಇಕ್ಕಳ, ಸೋಸುಬಟ್ಟಲು. ಪಕ್ಕದಲ್ಲಿ ಸಾಲಾಗಿ ಹನ್ನೆರಡು ಪುಟ್ಟ ಚಮಚ. ಕುಡಿಯುವವರು ನಾವಿಬ್ಬರೇ. ನಮ್ಮೂರ ಪಾತ್ರೆ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವ ಮಿಶ್ರಲೋಹ ಅದಲ್ಲ. ಜರ್ಮನಿಯಲ್ಲಿ ಮಾಡಿದ ಅಸಲಿ ಬೆಳ್ಳಿ, ನೂರು ವರ್ಷದ ಮೇಲಿನದು. ಅಂಕಲ್ ಜಗ್ಗನ್ನು ಬೋರಲು ಹಾಕಿ ತಳ ತೋರಿಸಿದರು. ಅರ್ಧಚಂದ್ರ, ಕಿರೀಟ, 800 ಎಂಬ ಅಂಕಿ. ಸಾವಿರ ಪಾಲಿನಲ್ಲಿ ಎಂಟುನೂರು ಪಾಲು ಬೆಳ್ಳಿ ಎಂದು ಅರ್ಥ. ಹೊಟ್ಟೆಯ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಎರಡು ಅಕ್ಷರ, ಅವುಗಳ ಕೆಳಗೆ ಒಂದು ಸಣ್ಣ ಲಂಗರು. ಎಲ್ಲ ಪಾತ್ರೆಯ ಮೇಲೂ, ಪ್ರತಿ ಚಮಚದ ಹಿಡಿಯ ಮೇಲೂ ಅದೇ ಗುರುತು.

ಚಾ ಮಾತ್ರ ನಮ್ಮ ಚಾ. ಶುಂಠಿ ಜಜ್ಜಿ, ಹಾಲು ಹಾಕಿ, ಸ್ಟೀಲಿನ ಬೋಗುಣಿಯಲ್ಲಿ ಕುದಿಸಿ, ಅಡಿಗೆಮನೆಯ ಪ್ಲಾಸ್ಟಿಕ್ ಸೋಸಣಿಗೆಯಿಂದ ಸೋಸಿ ಆ ಟೀಪಾಟಿಗೆ ಸುರಿದಿದ್ದರು.

"ಬೆಳ್ಳಿ ಪಾತ್ರ್ಯಾಗ ಹಾಲು ಹಾಕಿದ ಚಾ ಹಾಕಬಾರದಂತ. ನಿಮ್ಮ ಆಂಟಿ ಲೈಬ್ರರಿ ಪುಸ್ತಕದಾಗ ಓದಿ ಹೇಳಿದ್ಲು," ಎಂದರು ಅಂಕಲ್. "ಓದಿ ಮುಗಿಸಿ, ಹಿಂಗ ಹಾಕಿದ್ಲು."

ಬಸಿಗೆ ಸುರಿದುಕೊಂಡು ಕುಡಿದರು. ನಾನೂ ಬಸಿಯಲ್ಲೇ ಕುಡಿದೆ. ಆ ದಿನದ ಪುಟದಲ್ಲಿ: ಮಾತು 1, ಐವತ್ತು ನಿಮಿಷ. ನಿಮಿಷಗಳನ್ನೂ ಬರೆಯಲು ಶುರುಮಾಡಿದ್ದು ಅಂದಿನಿಂದ.

ಆ ಸೆಟ್ಟನ್ನು ಕೂಡಿಸಿದವರು ಆಂಟಿ. ಕೊಂಡದ್ದು ಎನ್ನುವುದಕ್ಕಿಂತ ಕೂಡಿಸಿದ್ದು ಎನ್ನುವುದೇ ಸರಿ. ಬಹಳ ಹಿಂದೆ ಇಲ್ಲಿ ವ್ಯಾಪಾರಕ್ಕಿದ್ದ ಒಂದು ಜರ್ಮನ್ ಕುಟುಂಬದ್ದಂತೆ. ಯುದ್ಧ ಬಂದಾಗ ಅವರನ್ನು ಶಿಬಿರಕ್ಕೆ ಸಾಗಿಸಿ ಮನೆಯ ಸಾಮಾನನ್ನು ಹರಾಜು ಹಾಕಿದರು, ಒಂದೊಂದು ಒಂದೊಂದು ಕೈಗೆ ಹೋಯಿತು ಎಂದು ಸುಂಗೈ ರೋಡಿನ ಹಳೆ ಸಾಮಾನಿನ ಸಂತೆಯಲ್ಲಿ ಗಡಿಯಾರ ರಿಪೇರಿಯ ಮುದುಕರೊಬ್ಬರು ಹೇಳಿದ್ದರು. ನಿಜವೋ ಅಲ್ಲವೋ. ಆಂಟಿ ಮಾತ್ರ ನಂಬಿದ್ದರು. ಆ ಎರಡಕ್ಷರದ ಕುಟುಂಬವನ್ನು "ನಮ್ಮ ಜರ್ಮನ್ ಬೀಗರು" ಎಂದು ಕರೆಯುತ್ತಿದ್ದರಂತೆ. "ಬೀಗರ ಹಾಲಿನ ಜಗ್ಗ ಸಿಕ್ಕೇತಿ ನೋಡ್ರಿ" ಎಂದು ಹಡಗುಕಟ್ಟೆಗೆ ಫೋನ್ ಮಾಡಿದ್ದರಂತೆ. ಇಪ್ಪತ್ತೆರಡು ವರ್ಷ ಲಂಗರಿನ ಗುರುತು ಹುಡುಕಿಕೊಂಡು ಸಂತೆ, ಹಳೆಯ ಮನೆ, ಚರ್ಚಿನ ಮಾರಾಟ ಎಂದು ಅಲೆದಿದ್ದರು.

ಒಂದೊಂದಕ್ಕೂ ಒಂದು ಕಾರ್ಡು. ಸ್ಟೋರುಗಳಲ್ಲಿ ಪ್ರತಿ ಸಾಮಾನಿನ ಖಾನೆಗೆ ನೇತುಹಾಕುವ ದಪ್ಪ ಕಾಗದದ ಬಿನ್ ಕಾರ್ಡ್ ಅದು. ಅಂಕಲ್ ಹಳೆಯವನ್ನು ತಂದುಕೊಟ್ಟಿದ್ದರು. ಬಂದ ದಿನ, ಯಾರಿಂದ, ಯಾವ ಸ್ಥಿತಿಯಲ್ಲಿ ಎಂಬ ಕಲಂಗಳಲ್ಲಿ ಆಂಟಿ ಕನ್ನಡದಲ್ಲಿ ಬರೆದಿದ್ದರು. ಕೆಲವು ನನಗೆ ಈಗಲೂ ಬಾಯಿಪಾಠ. ಟೀಪಾಟ್: "1974. ಸುಂಗೈ ರೋಡ್, ಚಪ್ಪಲಿ ಹೊಲಿಯುವವನ ಹತ್ತಿರ. ಒಳಗೆ ಮೊಳೆ ಇಟ್ಟಿದ್ದ. ಮುಚ್ಚಳ ಬಾಗಿದೆ." ಹಾಲಿನ ಜಗ್: "1979. ತಿಯೋಂಗ್ ಬಾರು, ಒಬ್ಬ ಮುದುಕಿಯ ಮನೆ. ಹಲ್ಲುಜ್ಜುವ ಬ್ರಶ್ಶು ನಿಲ್ಲಿಸಿದ್ದಳು. ಹೊಸ ಪ್ಲಾಸ್ಟಿಕ್ ಜಗ್ಗು ತಗೊಂಡು ಇದನ್ನು ಕೊಟ್ಟಳು, ಪಾಪ." ಸಕ್ಕರೆ ಬಟ್ಟಲು: "1981. ನನ್ನ ಹೊಲಿಗೆ ಯಂತ್ರದ ಬದಲಿಗೆ. ಇವರು ಎರಡು ದಿನ ಮಾತಾಡಿಲ್ಲ." ತಟ್ಟೆಯ ಕಾರ್ಡಿನಲ್ಲಿ 'ಸ್ಥಿತಿ' ಎಂಬಲ್ಲಿ ಎರಡು ಬಗೆಯ ಶಾಯಿ. ಮೊದಲು "ಚೆನ್ನಾಗಿದೆ." ಆಮೇಲೆ "ಮಗಳು ಒಳಗೆ ಕೂತು ಜಾರುಬಂಡಿ ಆಡಿದಳು, ಎಡ ಅಂಚು ತಗ್ಗು." ಚಮಚಗಳು ಒಟ್ಟಿಗೆ ಬಂದವಲ್ಲ. ಆರು, ಮೂರು, ಎರಡು. ಹನ್ನೊಂದರಿಂದ ಹನ್ನೆರಡಕ್ಕೆ ಹೋಗಲು ಒಂಬತ್ತು ವರ್ಷ ಹಿಡಿಯಿತು.

ತೊಳೆದು ಒರೆಸಿದ ಮೇಲೆ ಅಂಕಲ್ ವಿಭೂತಿ ಗಟ್ಟಿ ಕೆರೆದು ಪುಡಿ ಮಾಡಿ, ಅದರಲ್ಲಿ ಹಳೆಯ ಪಂಚೆಯ ತುಂಡು ಅದ್ದಿ ತಿಕ್ಕುತ್ತಿದ್ದರು. ನಮ್ಮ ಮನೆಯಲ್ಲಿ ಲಿಂಗದ ಕರಡಿಗೆ ತಿಕ್ಕುವುದೂ ಹಾಗೇ. ಬೇರೆ ಯಾವ ಪುಡಿಯನ್ನೂ ಆಂಟಿ ಮುಟ್ಟಿಸಿರಲಿಲ್ಲ. ಕೊನೆಗೆ ಚಮಚ ಎಣಿಸಿ, ಮಖಮಲ್ಲಿನ ಸುರುಳಿಯಲ್ಲಿ ಒಂದೊಂದೇ ಸಿಗಿಸಿ ಕಪಾಟಿಗೆ.

2007ರ ಮಾರ್ಚ್ ಮಧ್ಯದಲ್ಲಿ ಅಕ್ಕ ಬಂದು ವಿಷಯ ಹೇಳಿದರು. ಫ್ಲ್ಯಾಟ್ ಮಾರುವುದು, ಅಪ್ಪ ಪುಂಗೋಲ್‌ಗೆ ಬರುವುದು. ಅಂಕಲ್ ಬೇಡ ಅನ್ನಲಿಲ್ಲ. ಒಂದು ಷರತ್ತು ಹಾಕಿದರು.

"ಚಾರ್ಜ್ ಕೊಡೋಕಿಂತ ಮೊದಲ ಸ್ಟಾಕ್ ಟೇಕಿಂಗ್ ಆಗಬೇಕು. ನಿಮ್ಮವ್ವನ ಸಾಮಾನ ಲೆಕ್ಕ ಇಲ್ಲದ ಹಂಗ ನಿನ್ನ ಕೈಯಾಗ ಹಾಕೂದಿಲ್ಲ. ಮುಗದ ಮರುವಾರ ಬರ್ತೇನಿ."

"ಓಕೆ ಲಾ ಅಪ್ಪಾ, ಸ್ಪೂನ್ ಎಣಿಸೋಕೆ ಎಷ್ಟ್ ಹೊತ್ತು ಬೇಕು? ಹಾಫ್ ಆನ್ ಅವರ್."

"ನಿನಗ ಅರ್ಧ ತಾಸು. ನನಗ ಎಷ್ಟ ಬೇಕೋ ಅಷ್ಟ."

ಅಂಕಲ್‌ನ ಸ್ಟಾಕ್ ಟೇಕಿಂಗ್‌ಗೆ ಎರಡು ಕಟ್ಟಳೆ ಇದ್ದವು. ಎಣಿಸುವವರು ಬರೆಯುವಂತಿಲ್ಲ, ಬರೆಯುವವರು ಎಣಿಸುವಂತಿಲ್ಲ. ಎರಡನೆಯದು, ಕಪಾಟಿಗೂ ಕಾಗದಕ್ಕೂ ಹೊಂದಿಕೆಯಾಗದಿದ್ದರೆ ಕಾಗದವನ್ನೇ ನಂಬಬೇಕು. ಕಪಾಟು ನೋಡಿಕೊಂಡವನು ಉತ್ತರ ಕೊಡಬೇಕು. ಬರೆಯುವ ಕೆಲಸ ನನಗೆ ಬಂತು. "ನಿನ್ನ ಅಕ್ಷರ ಛಲೋ ಅದಾವ. ಮ್ಯಾಲೆ ಸುಳ್ಳ ಬರಿಯೋ ಪೈಕಿ ಅಲ್ಲ ನೀ," ಎಂದರು. ಭಾನುವಾರಕ್ಕೊಂದು ಸಾಮಾನು. ಚಾ ಮುಗಿದ ಮೇಲೆ ಅದರ ಕಾರ್ಡು ಓದಿ, ಅದು ಬಂದ ದಿನದ ಕತೆ ಹೇಳಿ, ತಿರುಗಿಸಿ ಮುರುಗಿಸಿ ನೋಡಿ, ಕೂಗಿ ಹೇಳುತ್ತಿದ್ದರು. ನಾನು ಹೊಸ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ.

ನನಗೂ ಒಂದು ಲೆಕ್ಕವಿತ್ತು. ಎಷ್ಟು ಸಾಮಾನು ಉಳಿದಿವೆಯೋ ಅಷ್ಟು ಭಾನುವಾರ ಉಳಿದಿವೆ.

ಮೇ 6ರ ಹೊತ್ತಿಗೆ ಚಮಚಗಳು ಬಿಟ್ಟು ಎಲ್ಲ ಮುಗಿದಿತ್ತು. ಅಂದು ಚಾ ಆದ ಮೇಲೆ ನಾನು ತೊಳೆಯುತ್ತಿದ್ದಾಗ ಅಕ್ಕನ ಫೋನ್ ಬಂತು. ಮನೆ ನೋಡಲು ಯಾರೋ ಬರುತ್ತಾರಂತೆ. ಮಾತು ಉದ್ದವಾಯಿತು. ಅಂಕಲ್ ಫೋನ್ ಕಿವಿಗಿಟ್ಟುಕೊಂಡೇ ಚಮಚಗಳನ್ನು ಸುರುಳಿಗೆ ಸಿಗಿಸಿ ಸುತ್ತಿದರು. ಅವರು ಎಣಿಸದೆ ಸುತ್ತಿದ್ದು ನಾನು ನೋಡಿದ್ದು ಅದೊಂದೇ ಸಲ.

ಮೇ 7, ಸೋಮವಾರ, ಬೆಳಿಗ್ಗೆ 6.40. ಸಿಂಕಿನ ಪಕ್ಕದ ಸೋಸಣಿಗೆಯಲ್ಲಿದ್ದ ಚಾದ ಚರಟ ಕಸದ ಡಬ್ಬಿಗೆ ಕೊಡವಿದೆ. ಟಣ್ ಎಂದಿತು. ಚರಟದೊಳಗೆ ಒಂದು ಚಮಚ. ತೊಳೆದೆ, ಒರೆಸಿದೆ. ಅಂಕಲ್ ವಾಕಿಂಗ್‌ಗೆ ಹೋಗಿದ್ದರು, ಕಪಾಟಿಗೆ ಬೀಗ, ನನಗೆ ರೈಲಿಗೆ ಹೊತ್ತಾಗಿತ್ತು. ಸಂಜೆ ಕೊಟ್ಟರಾಯಿತು ಎಂದು ಕೈಚೀಲದಲ್ಲಿ ಹಾಕಿಕೊಂಡೆ. ಇಲ್ಲಿಯವರೆಗೆ ನನ್ನ ತಪ್ಪೇನೂ ಇಲ್ಲ. ಈ ವಾಕ್ಯವನ್ನು ಅಂದಿನ ಪುಟದಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಆದರೆ ಸಂಜೆ ನಾನು ಕೊಡಲಿಲ್ಲ. ಮಂಗಳವಾರವೂ ಕೊಡಲಿಲ್ಲ. ಬುಧವಾರ ಅದನ್ನು ನನ್ನ ಮೇಜಿನ ಖಾನೆಯಲ್ಲಿ, ಪಾಸ್‌ಪೋರ್ಟಿನ ಕೆಳಗೆ ಇಟ್ಟೆ.

ಮೇ 13. ಅಂಕಲ್ ಸುರುಳಿ ಬಿಚ್ಚಿ ಎಣಿಸಿದರು. ಮತ್ತೆ ಎಣಿಸಿದರು. ಮೂರನೆಯ ಸಲ ಒಂದೊಂದನ್ನೂ ಮೇಜಿನ ಆಚೆ ತುದಿಗೆ ಸರಿಸುತ್ತ ಎಣಿಸಿದರು.

"ಹನ್ನೊಂದ ಅದಾವಲ್ಲ?"

ನಾನು ಪೆನ್ನು ಹಿಡಿದು ಕೂತಿದ್ದೆ. ಆಗ ಎದ್ದು ಹೋಗಿ ತಂದುಕೊಟ್ಟಿದ್ದರೆ ಮರೆತಿದ್ದೆ ಅಂಕಲ್ ಎಂದು ನಕ್ಕುಬಿಡಬಹುದಿತ್ತು.

"ಬರಿ," ಎಂದರು. "ಹನ್ನೊಂದು."

ಬರೆದೆ. ಆ ಪುಟದ ಅಕ್ಷರ ಎಲ್ಲೂ ಅಲುಗಿರಲಿಲ್ಲ.

ಅಂದು ಹುಡುಕಾಟ ಶುರುವಾಯಿತು. ಸೋಫಾ ಸರಿಸಿದೆವು, ಫ್ರಿಜ್ಜಿನ ಹಿಂದೆ ಕೋಲು ಆಡಿಸಿದೆವು. ನಡುನಡುವೆ ಕತೆಗಳು. ಚರ್ಚಿನ ಮಾರಾಟದಲ್ಲಿ ಕೊನೆಯ ಚಮಚ ಸಿಕ್ಕಾಗ ಆಂಟಿ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಸ್ಸಿನುದ್ದಕ್ಕೂ ಕೈ ತೆಗೆಯದೆ ಬಂದದ್ದು. "ಎಲ್ಲಾ ಒಂದ ಥರಾ. ಯಾವುದು ಹೋತು ಅನ್ನೋದ ಗೊತ್ತಾಗವಲ್ದು," ಎಂದು ಅಂಕಲ್ ಪದೇಪದೇ ಹೇಳುತ್ತಿದ್ದರು. ಆ ಭಾನುವಾರದ ಪುಟದಲ್ಲಿ ನೂರಾ ಮೂವತ್ತು ನಿಮಿಷ. ಮೇ 20ರಂದು ನೂರಾ ಎಪ್ಪತ್ತು. 27ರಂದು ಮಧ್ಯಾಹ್ನದ ಊಟವೂ ಅಲ್ಲೇ, ಜೋಳದ ಹಿಟ್ಟು ಸಿಗದೆ ಗೋಧಿ ಹಿಟ್ಟಿನಲ್ಲೇ ರೊಟ್ಟಿ ಬಡಿದುಕೊಟ್ಟರು, ಇನ್ನೂರಾ ಐವತ್ತೈದು. ನಾನು ಸಿಂಗಪುರದಲ್ಲಿ ಅಷ್ಟು ಸುಖವಾಗಿದ್ದ ದಿನಗಳು ಬೇರೆ ಇಲ್ಲ. ಚಮಚ ಖಾನೆಯಲ್ಲೇ ಇತ್ತು.

ಇನ್ನೊಂದು ಬದಲಾವಣೆಯನ್ನು ಬರೆದಿದ್ದೆ, ಆದರೆ ಕೂಡಿಸಿ ನೋಡಿರಲಿಲ್ಲ. ಮೇ 22: "ಅಂಕಲ್ ಗ್ಯಾಸ್ ಎರಡು ಸಲ ನೋಡಿದರು." ಮೇ 25: "ಬೆಳಿಗ್ಗೆ ಚಾವಿ ನಿನಗ ಕೊಟ್ಟೆನೇನು ಎಂದು ಕೇಳಿದರು. ಕೊಟ್ಟಿರಲಿಲ್ಲ." ಮೇ 30: "ಎಲ್ಲ ಡಬ್ಬಿಗಳಿಗೂ ಚೀಟಿ ಅಂಟಿಸಿದ್ದಾರೆ. ಉಪ್ಪಿನ ಡಬ್ಬಿಗೂ." ಜೂನ್ 3ರಂದು ಚಾ ಕುಡಿಯುತ್ತ ಅವರೇ ಹೇಳಿದರು:

"ಕಾರ್ಡಿನಾಗ ಹನ್ನೆರಡು ಐತಿ. ಕಾರ್ಡು ಸುಳ್ಳ ಆಗೂದಿಲ್ಲ. ಅಂದ್ರ ನನ್ನ ಕೈಯಾಗಿಂದ ಹೋಗೇತಿ. ಎಲ್ಲಿಟ್ಟೆ ಅಂತ ನೆನಪ ಆಗವಲ್ದು ಯವ್ವಾ. ಮೂವತ್ತ ವರ್ಷ ಒಂದ ವಾಶರ್ ಕಳಕೊಂಡಾವ ಅಲ್ಲ ನಾನು."

ನಾನು ಬಸಿ ಎತ್ತಿ ಬಾಯಿಗೆ ಹಿಡಿದೆ.

ಜೂನ್ 9, ಶನಿವಾರ ಅಕ್ಕ ಬಂದರು. ಡಬ್ಬಿಗಳ ಮೇಲಿನ ಚೀಟಿ ನೋಡಿದರು. ಉಪ್ಪಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನಿಂತರು. ನನ್ನನ್ನು ಬಾಲ್ಕನಿಗೆ ಕರೆದರು.

"ಏನಾದ್ರೂ ಚೇಂಜ್ ಕಂಡ್ರೆ ಹೇಳಿ ಅಂದಿದ್ದೆ ಅಲ್ವಾ?"

"ಅಂಥಾದ್ದೇನಿಲ್ಲ ಅಕ್ಕಾ..."

"ಉಪ್ಪಿಗೆ ಉಪ್ಪು ಅಂತ ಲೇಬಲ್ ಹಾಕ್ತಾ ಇದಾರೆ. ಇದು ನಾರ್ಮಲ್ ಅಲ್ಲ ಲಾ. ನನ್ ಫ್ರೆಂಡ್ ತಾಯಿಗೂ ಹೀಗೇ ಸ್ಟಾರ್ಟ್ ಆಗಿದ್ದು." ಕಣ್ಣು ಒರೆಸಿಕೊಂಡರು. ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆಗೆ ಬುಕ್ ಮಾಡುವುದಾಗಿ, ಇನ್ನು ಒಬ್ಬರನ್ನೇ ಬಿಡದೆ ಎರಡು ವಾರದಲ್ಲಿ ಶಿಫ್ಟ್ ಮಾಡಿಸುವುದಾಗಿ ಹೇಳಿದರು. ಒಳಗೆ ಅಂಕಲ್‌ಗೆ ಎಲ್ಲ ಕೇಳಿಸಿತ್ತು. ತಮ್ಮ ಷರತ್ತಿನ ಸುದ್ದಿಯನ್ನು ಅವರು ಎತ್ತಲಿಲ್ಲ.

ಮರುದಿನ ನಾನು ಮಾಡಿದ್ದನ್ನು ಬರೆಯುವುದು ಕಷ್ಟ. ಚಮಚ ಸಿಕ್ಕಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡೆ. ಅಂಕಲ್ ವಾಕಿಂಗ್‌ಗೆ ಹೋದಾಗ ಅದನ್ನು ರವೆಯ ಡಬ್ಬಿಯಲ್ಲಿ ಹೂತು, ಅವರು ಬಂದ ಮೇಲೆ ನಾಷ್ಟಾಕ್ಕೆ ಉಪ್ಪಿಟ್ಟು ಮಾಡುತ್ತೇನೆಂದು ಡಬ್ಬಿ ತೆಗೆದೆ.

"ಅಂಕಲ್! ಅಂಕಲ್, ಸಿಕ್ತು ನೋಡ್ರಿ!"

ನಾನು ಕಾದದ್ದು ನಗೆಯನ್ನು. ಅವರು ಬಂದು, ರವೆ ಮೆತ್ತಿದ ಚಮಚ ನೋಡಿ, ಡಬ್ಬಿ ನೋಡಿ, ಸ್ಟೂಲಿನ ಮೇಲೆ ಕೂತುಬಿಟ್ಟರು.

"ರವಾದ ಡಬ್ಬ್ಯಾಗ?"

"ಹೂಂ."

"ನಾನ ಇಟ್ಟಿರಬೇಕು ಹಂಗಾರ."

ಅಕ್ಕನಿಗೆ ಅವರೇ ಫೋನ್ ಮಾಡಿ ಹೇಳಿದರು. ಆ ಕಡೆಯ ಮಾತು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು: "ಅಪ್ಪಾ, ಅದೇ. ಡಾಕ್ಟರ್ಸ್ ಅದನ್ನೇ ಕೇಳ್ತಾರೆ. ವಸ್ತು ಇರಬಾರದ ಜಾಗದಲ್ಲಿ ಸಿಗುತ್ತಾ ಅಂತ." ಹೌದವಾ, ಹೌದವಾ ಎನ್ನುತ್ತ ಅಂಕಲ್ ಫೋನ್ ಇಟ್ಟರು. ಆಮೇಲೆ ಕುತ್ತಿಗೆಯ ದಾರದಲ್ಲಿದ್ದ ಕಪಾಟಿನ ಚಾವಿ ತೆಗೆದು ಮೇಜಿನ ಮೇಲೆ, ನನ್ನ ಕಡೆ ಸರಿಸಿದರು.

"ಇನ್ನ ಮುಂದ ಎಣಿಸೂದೂ ನೀನ, ಬರಿಯೂದೂ ನೀನ. ನನ್ನ ಎಣಿಕಿ ಇನ್ನ ನಂಬೂ ಹಂಗಿಲ್ಲ."

ಆ ವಾರ ಅವರು ವಾಕಿಂಗ್‌ಗೆ ಹೋಗಲಿಲ್ಲ. ದಾರಿ ತಪ್ಪೀತು ಎಂದರು. ಮೂವತ್ತು ವರ್ಷ ಅದೇ ಬ್ಲಾಕುಗಳ ನಡುವೆ ನಡೆದವರು. ಗುರುವಾರ ಸಂಜೆ ನಾನು ಬಂದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿನ ಮೇಲೆ ಬೆರಳಿಟ್ಟು ನಿಂತಿದ್ದರು. "ಇವತ್ತ ಹದಿನಾಲ್ಕ ಹೌದಲ್ಲ?" ಎಂದರು. ಹೌದು ಎಂದೆ. ಅದು ಅವರಿಗೆ ಗೊತ್ತಿತ್ತು. ಗೊತ್ತಿರುವುದನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಜೂನ್ 17, ಭಾನುವಾರ, ನಾಲ್ಕು ಗಂಟೆ. ಅಂದು ಬಾಗಿಲು ಬಡಿದವಳು ನಾನು. ಚಾ ನಾನೇ ಮಾಡಿದ್ದೆ. ಅವರು ಕೂತ ಮೇಲೆ ದಿನಚರಿ ತೆರೆದು ಮೇ 7ರ ಪುಟ ಓದಿದೆ. ಸೋಸಣಿಗೆ, ಚರಟ, ಕೈಚೀಲ. ಆಮೇಲೆ 9, ಪಾಸ್‌ಪೋರ್ಟಿನ ಕೆಳಗೆ. 13. ಪುಟ ತಿರುವುತ್ತ ಓದಿದೆ. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ.

ಅಂಕಲ್ ಕನ್ನಡಕ ತೆಗೆದರು.

"ರವಾದ ಡಬ್ಬಿ?"

"ನಾನ ಇಟ್ಟಿದ್ದು."

"ಚಾವಿ ಕೊಟ್ಟೆನೇನು ಅಂತ ಕೇಳಿದ್ದೆ ಒಂದಿನ. ಕೊಟ್ಟಿದ್ದೆನೇನು?"

"ಇಲ್ಲ. ನಿಮ್ಮ ಹತ್ರನ ಇತ್ತು. ಆ ದಿನಾನ ಬರದೇನಿ, ಮೇ 25."

ಅವರು "ಹದಿಮೂರಕ್ಕ ಚಮಚ. ಗ್ಯಾಸು, ಚಾವಿ, ಚೀಟಿ ಎಲ್ಲಾ ಆಮ್ಯಾಲಿಂದು," ಎಂದು ಬೆರಳಲ್ಲಿ ಎಣಿಸಿದರು. ಆಮೇಲೆ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಮಳೆಯಲ್ಲಿ ನೆನೆದು ಬಂದವರು ತಲೆ ಒರೆಸಿಕೊಳ್ಳುವ ಹಾಗೆ ಉಜ್ಜಿಕೊಂಡರು.

"ನೆಟ್ಟಗೈತಿ," ಎಂದರು. "ನನ್ನ ತಲಿ ನೆಟ್ಟಗೈತಿ."

ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು. ತಕ್ಷಣ ಮಗಳಿಗೆ ಫೋನ್ ಮಾಡಿ, ನನ್ನ ಕೈಗೆ ಕೊಟ್ಟು, "ಓದು, ಮೊದಲಿಂದ," ಎಂದರು. ಓದಿದೆ. ಮುಗಿದ ಮೇಲೆ ಅಕ್ಕ, "ನಾನು ನೈಟ್ ನಿದ್ದೆ ಮಾಡಿಲ್ಲ, ಯೂ ನೋ," ಎಂದಷ್ಟೇ ಹೇಳಿ ಇಟ್ಟರು.

ಅಂಕಲ್ ರಿಜಿಸ್ಟರ್ ತರಿಸಿದರು. ಸ್ಟೋರಿನಲ್ಲಿ ತಪ್ಪು ಬರೆದದ್ದನ್ನು ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ನನ್ನ ಹನ್ನೊಂದರ ಮೇಲೆ ನಾನೇ ಗೆರೆ ಎಳೆದೆ. ಅವರು ಚಮಚ ಎಣಿಸಿ ಕೂಗಿದರು, ಹನ್ನೆರಡು ಎಂದು ಬರೆದೆ. ಸಹಿ ಹಾಕಿದೆವು. ಕೊನೆಯ ಕಲಂ 'ಕಾರಣ'. ಅದನ್ನು ಅವರು ತಮ್ಮ ಕೈಯಾರೆ ತುಂಬಿದರು: "ಮೇ 7ರಿಂದ ಜೂನ್ 10ರ ವರೆಗೆ ಬರೆಯುವವರ ಬಳಿ ಇತ್ತು."

ಯಾಕೆ ಮಾಡಿದೆ ಎಂದು ಅವರು ಕೇಳಲಿಲ್ಲ. ಆ ಪ್ರಶ್ನೆಗೆ ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ದಿನಚರಿಯ ಬಲಗಡೆಯ ಗೆರೆಯಾಚೆಯ ಸೊನ್ನೆಗಳನ್ನು ತೋರಿಸಬೇಕೆಂದಿದ್ದೆ. ಅವರು ರಿಜಿಸ್ಟರ್ ಮುಚ್ಚಿ, ಚಾವಿ ಮತ್ತೆ ಕೊರಳಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ವಾಕಿಂಗ್‌ಗೆ ಹೊರಟರು. ಬಾಗಿಲಲ್ಲಿ ನಿಂತು, "ಚಾ ಛಲೋ ಆಗಿತ್ತು," ಎಂದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ 'ಯವ್ವಾ' ಎಂದು ಕರೆಯದೆ ಹೋದದ್ದು ಅಷ್ಟು ಕೇಳಿಸುತ್ತಿರಲಿಲ್ಲವೇನೋ.

ನೆನಪಿನ ಪರೀಕ್ಷೆ ರದ್ದಾಯಿತು. ಪುಂಗೋಲ್‌ಗೆ ಹೋಗುವುದು ರದ್ದಾಗಲಿಲ್ಲ. ಸ್ಟಾಕ್ ಟೇಕಿಂಗ್ ಮುಗಿದಿತ್ತು, ಅಂಕಲ್ ಕೊಟ್ಟ ಮಾತು ಮಾತೇ. ಮುಂದಿನ ಭಾನುವಾರ ಮನೆ ತುಂಬ ರಟ್ಟಿನ ಪೆಟ್ಟಿಗೆಗಳಿದ್ದವು, ಚಾ ಆಗಲಿಲ್ಲ. ಜೂನ್ 30ರಂದು ನಾನು ಅಲ್ಜುನೀದ್‌ನಲ್ಲಿ ಒಂದು ಕೋಣೆಗೆ ಬಂದೆ. ಆಫೀಸಿಗೆ ಒಂದೇ ನಿಲ್ದಾಣ. ಜುರಾಂಗ್ ಈಸ್ಟ್‌ನಲ್ಲಿ ಒಟ್ಟು 266 ದಿನ, 38 ಭಾನುವಾರ, ಅದರಲ್ಲಿ ಒಂದು ನನ್ನ ಜ್ವರಕ್ಕೆ, ಒಂದು ಪೆಟ್ಟಿಗೆಗಳಿಗೆ ಹೋಗಿ 36 ಚಾ.

ಆಗಸ್ಟ್ 12ಕ್ಕೆ ಅಂಕಲ್ ಫೋನ್ ಮಾಡಿ ಕರೆದರು. ಎರಡು ಸಲ ರೈಲು ಬದಲಿಸಿ ಹೋದೆ. ಪುಂಗೋಲ್ ಆಗ ಅರ್ಧ ಬಯಲು. ಪುಟ್ಟ ರೈಲಿನ ಕಿಟಕಿಯಿಂದ ಹುಲ್ಲು ಮತ್ತು ಯಾರೂ ಇಳಿಯದ ನಿಲ್ದಾಣಗಳು. ಮನೆ ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆ ತಟ್ಟೆ, ಆ ಟೀಪಾಟ್, ಸಾಲಾಗಿ ಹನ್ನೆರಡು ಚಮಚ. ಅಂಕಲ್ ದಪ್ಪಗಾಗಿದ್ದರು. ಕಟ್ಟಡದ ಕೆಳಗಿನ ತೆರೆದ ಜಗಲಿ, ವಾಯ್ಡ್ ಡೆಕ್‌ನಲ್ಲಿ ಚದುರಂಗ ಆಡುವ ಮುದುಕರ ಗೆಳೆತನವಾಗಿದೆಯಂತೆ. "ಅವರ ಭಾಷಾ ನನಗ ಬರೂದಿಲ್ಲ, ನನ್ನದು ಅವರಿಗೆ ಬರೂದಿಲ್ಲ. ಆದರೂ ನಾನ ಗೆಲ್ತೇನಿ," ಎಂದರು. ಅಕ್ಕ ಚೆನ್ನಾಗಿ ಮಾತಾಡಿಸಿದರು, ಚಕ್ಕುಲಿ ಇಟ್ಟರು, ಕೆಲಸ ಹೇಗಿದೆ ಎಂದು ಕೇಳಿದರು. ನಾನು ಸಕ್ಕರೆ ಹಾಕಿಕೊಂಡು ಕದಡಿದ ಚಮಚವನ್ನು ಎಲ್ಲರಿಗೂ ಕಾಣುವ ಹಾಗೆ ಬಸಿಯ ಮೇಲೆ ಇಟ್ಟೆ.

ತೊಳೆಯಲು ಎದ್ದಾಗ ಅಕ್ಕ, "ಪರವಾಗಿಲ್ಲ, ನೀವು ಕೂತ್ಕೊಳ್ಳಿ," ಎಂದು ತಟ್ಟೆ ತೆಗೆದುಕೊಂಡು ಹೋದರು. ಅಡಿಗೆಮನೆಗೆ ಬಾಗಿಲಿರಲಿಲ್ಲ. ನಲ್ಲಿಯ ನೀರು ನಿಂತಿತು. ಆಮೇಲೆ ಬೆಳ್ಳಿಯ ಮೇಲೆ ಬೆಳ್ಳಿ ಇಡುವ ಸಣ್ಣ ಸದ್ದು, ಅದರ ಜೊತೆ ಅಕ್ಕನ ದನಿ, ತಗ್ಗಿಸಿಯೇ: ಒನ್, ಟೂ, ತ್ರೀ.

ಅಂಕಲ್ ನನ್ನ ಕಡೆ ನೋಡಲಿಲ್ಲ. ರಿಮೋಟ್ ಎತ್ತಿಕೊಂಡು ಟಿವಿಯ ಸದ್ದು ಹೆಚ್ಚಿಸಿದರು. ಚೀನೀ ವಾರ್ತೆ ಬರುತ್ತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು.

ಅಂದಿನ ಪುಟದಲ್ಲಿ: ಮಾತು 2, ಎಪ್ಪತ್ತು ನಿಮಿಷ. ಚಮಚ ಹನ್ನೆರಡು, ಸರಿಯಾಗಿದೆ.